ಕತ್ತಿನ ನೆಟಿಗೆ

ಕ್ಷೌರದಂಗಡಿಯ ಮುಂದೆ ಹಾದುಹೋಗುವಾಗ ನಾನು ಈಗಲೂ ಒಳಗೆ ನೋಡುತ್ತೇನೆ. ಹೆಂಗಸರು ಹಾಗೆ ನಿಂತು ನೋಡುವ ಜಾಗವಲ್ಲ ಅದು. ಕನ್ನಡಿಯಲ್ಲಿ ನನ್ನ ಮುಖ ಕಂಡು ಒಳಗಿದ್ದವರು ಹುಬ್ಬೇರಿಸುತ್ತಾರೆ. ನಾನು ನೋಡುವುದು ಕತ್ತರಿಯನ್ನಲ್ಲ, ಬ್ಲೇಡನ್ನೂ ಅಲ್ಲ. ಕೆಲಸ ಮುಗಿದ ಮೇಲೆ ಕ್ಷೌರಿಕನ ಎರಡು ಕೈ ಎಲ್ಲಿಗೆ ಹೋಗುತ್ತವೆ ಎಂದು ನೋಡುತ್ತೇನೆ. ಒಂದು ಕೈ ಗಲ್ಲದ ಕೆಳಗೆ, ಇನ್ನೊಂದು ತಲೆಯ ಹಿಂದೆ ಹೋದರೆ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಕತ್ತಿನ ನೆಟಿಗೆಯ ಶಬ್ದ ಬಂದು, ಕುರ್ಚಿಯಲ್ಲಿದ್ದವನು ಎದ್ದು ನೆಟ್ಟಗೆ ನಡೆದು ಬಾಗಿಲು ದಾಟುವವರೆಗೆ ನಾನು ಕದಲುವುದಿಲ್ಲ. ಅದರಿಂದ ಏನೂ ಉಪಯೋಗವಿಲ್ಲ ಎಂದು ನನಗೆ ಗೊತ್ತು. ನನ್ನ ತಮ್ಮನೂ ಹಾಗೆಯೇ ಎದ್ದು ನೆಟ್ಟಗೆ ನಡೆದಿದ್ದ. ನಗುತ್ತಲೂ ಇದ್ದ. ಅದೇ ದಿನ ಸಂಜೆಯ ಹೊತ್ತಿಗೆ ಅವನು ತನ್ನ ಎಂಜಲನ್ನು ತಾನೇ ನುಂಗಲಾರದವನಾಗಿ ಮಲಗಿದ್ದ, ಮತ್ತು ಅವನು ಉಳಿಯುತ್ತಾನೆ ಎಂದು ಯಾರೂ ನಮಗೆ ಹೇಳಲಿಲ್ಲ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನ ಗಂಡನಿಗೆ ಕೊಚ್ಚಿಗೆ ವರ್ಗವಾಗಿ ನಾವು ಮಟ್ಟಾಂಚೇರಿಯಲ್ಲಿ ಒಂದು ಮಹಡಿ ಮನೆ ಹಿಡಿದಿದ್ದೆವು. ಕೆಳಗೆ ಒಣಶುಂಠಿಯ ಗೋದಾಮು. ಎದುರಿಗೆ, ಬೀದಿಯ ಆಚೆ ಪಕ್ಕದಲ್ಲಿ, ಎರಡು ಕುರ್ಚಿಯ ಕ್ಷೌರದಂಗಡಿ. ನನ್ನ ಅಡುಗೆಮನೆಯ ಕಿಟಕಿಯಿಂದ ಅದರ ಒಳಗೆಲ್ಲ ಕಾಣುತ್ತಿತ್ತು. ಅಂಗಡಿಯವನನ್ನು ಬೀದಿಯವರೆಲ್ಲ ಇಕ್ಕ ಎನ್ನುತ್ತಿದ್ದರು, ಅಣ್ಣ ಎಂದ ಹಾಗೆ. ನಾನೂ ಹಾಗೇ ಕರೆಯುತ್ತಿದ್ದೆ. ಅವನಿಗೆ ನಾನು ಚೇಚಿ, ಅಕ್ಕ. ಅವನಿಗಿಂತ ಹತ್ತು ವರ್ಷ ಚಿಕ್ಕವಳಾದರೂ.

ತಮ್ಮ ಇದ್ದದ್ದು ತಿರುವನಂತಪುರದ ಕಡೆ, ಕಳಕ್ಕೂಟಂನಲ್ಲಿ. ಐಟಿ ಪಾರ್ಕಿನ ಕೆಲಸ, ಗೆಳೆಯರ ಜೊತೆ ಫ್ಲಾಟು. ಆ ಭಾನುವಾರ ಸಂಜೆ ಉಳ್ಳೂರಿನಲ್ಲಿ ಅವನಿಗೆ ಹೆಣ್ಣು ನೋಡುವ ಶಾಸ್ತ್ರವಿತ್ತು. ಹುಡುಗಿಯ ತಂದೆ ನಮ್ಮ ಮೈಸೂರಿನ ಕಡೆಯವರೇ, ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ವಿಜ್ಞಾನಿ, ವರ್ಗವಾಗಿ ಬಂದು ಅಲ್ಲೇ ನೆಲೆಸಿದವರು. ಅಮ್ಮ ಮೈಸೂರಿನಿಂದ ಬಸ್ಸಿನಲ್ಲಿ ನನ್ನ ಮನೆಗೆ ಬಂದಿದ್ದಳು. ನಮ್ಮಿಬ್ಬರನ್ನೂ ಕರೆದೊಯ್ಯಲು ತಮ್ಮ ಶನಿವಾರವೇ ಕೊಚ್ಚಿಗೆ ಬಂದ. ನನ್ನ ಗಂಡ ಯಾವುದೋ ತರಬೇತಿಗೆ ಬೇರೆ ಊರಿಗೆ ಹೋಗಿದ್ದರು.

ಬಂದವನ ಕೂದಲು ಕಿವಿ ಮುಚ್ಚಿ ಕಾಲರಿನ ಮೇಲೆ ಇಳಿದಿತ್ತು. ಅಮ್ಮ ಬಾಗಿಲಲ್ಲೇ ಶುರು ಮಾಡಿದಳು.

"ಹುಡುಗೀನ ನೋಡಕ್ಕೆ ಹೋಗ್ತಿದೀಯೋ, ಹುಡುಗಿ ಥರ ಹೋಗ್ತಿದೀಯೋ?"

"ನಾಳೆ ಬೆಳಿಗ್ಗೆ ಮಾಡಿಸ್ಕೋತೀನಮ್ಮ. ಹೊಸ ಥರದ್ದು."

"ಏನು ಹೊಸದು? ಇರೋದನ್ನ ಕತ್ತರಿಸೋಕೆ ಹಳೇದು ಹೊಸದು ಇದ್ಯಾ?"

ಅವನು ಬ್ಯಾಗಿನಿಂದ ಆಫೀಸಿನಲ್ಲಿ ಪ್ರಿಂಟ್ ತೆಗೆದ ಒಂದು ಹಾಳೆ ತೆಗೆದ. ಯಾವುದೋ ದೇಶದ ಯುವಕನ ತಲೆ, ಪಕ್ಕದಿಂದ ತೆಗೆದದ್ದು. ಮೇಲೆ ಕೂದಲು ಸೊಂಪಾಗಿತ್ತು, ಕೆಳಗೆ ಬರುತ್ತ ಬರುತ್ತ ಕರಗಿ, ಕಿವಿಯ ಹತ್ತಿರ ಬರೀ ಚರ್ಮ. ಫೇಡ್ ಅಂತಾರೆ, ಎಂದ. ಅಮ್ಮ ಹಾಳೆಯನ್ನು ದೂರ ಹಿಡಿದು ನೋಡಿ, "ಇದೇನೋ, ಇಲಿ ತಿಂದು ಬಿಟ್ಟ ಹಾಗಿದೆ" ಎಂದಳು.

ಎರಡು ವರ್ಷದಿಂದ ಕೇರಳದಲ್ಲಿದ್ದರೂ ತಮ್ಮನ ಮಲಯಾಳಂ ಚೋರು, ಚಾಯ, ಎತ್ರ, ಅಂದರೆ ಅನ್ನ, ಟೀ, ಎಷ್ಟು, ಎನ್ನುವಷ್ಟಕ್ಕೇ ನಿಂತಿತ್ತು. ಆಫೀಸಿನಲ್ಲಿ ಎಲ್ಲ ಇಂಗ್ಲಿಷು. ಹಾಗಾಗಿ ಭಾನುವಾರ ಬೆಳಿಗ್ಗೆ ನಾನೂ ಅವನ ಜೊತೆ ಬೀದಿ ದಾಟಿದೆ. ಇಕ್ಕ ಹಾಳೆಯನ್ನು ಕನ್ನಡಿಗೆ ಸಿಕ್ಕಿಸಿ ತಲೆ ವಾಲಿಸಿ ನೋಡಿದ.

"ಇದು ಪಟ್ಟಾಳಕ್ಕಾರುಡೆ ವೆಟ್ಟಲ್ಲೇ, ಚೇಚಿ?" ಇದು ಮಿಲಿಟರಿಯವರ ಕಟಿಂಗ್ ಅಲ್ಲವೇ ಎಂದು.

ಅಲ್ಲ, ಅದರಲ್ಲಿ ಗೆರೆ ಕಾಣುತ್ತದೆ, ಇದರಲ್ಲಿ ಕಾಣಬಾರದು, ಹೊಗೆಯ ಹಾಗೆ ಕರಗಬೇಕು ಎಂದು ನಾನು ಕೈಯಾಡಿಸಿ ಹೇಳಿದೆ. ಅವನಿಗೆ ಹೊಗೆ ಎನ್ನುವ ಮಾತು ಹಿಡಿಸಿತು. ಹೊಸದಾಗಿ ಕೊಂಡಿದ್ದ ಮೆಷಿನ್ ಹೊರತೆಗೆದ. ನಾನು ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತೆ. ಇಕ್ಕ ಆತುರಪಡಲಿಲ್ಲ. ಮೆಷಿನ್ ಒಮ್ಮೆ, ಬಾಚಣಿಗೆ ಕತ್ತರಿ ಒಮ್ಮೆ, ಮತ್ತೆ ಮೆಷಿನ್. ಹಾಳೆ ನೋಡುವುದು, ತಲೆ ನೋಡುವುದು. ಕೊನೆಗೆ ಬ್ಲೇಡಿನಿಂದ ಕಿವಿಯ ಹಿಂದೆ ಅಂಚು ತೆಗೆದು ಪಟಿಕ ಉಜ್ಜಿದ. ನಿಜಕ್ಕೂ ಚೆನ್ನಾಗಿ ಬಂದಿತ್ತು. ತಮ್ಮ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಎರಡು ಕಣ್ಣಿನ ರೆಪ್ಪೆಗಳೂ ಆಗ ಒಂದೇ ಎತ್ತರದಲ್ಲಿದ್ದವು. ನಾನು ಅದನ್ನು ಆಗ ಗಮನಿಸಿರಲಿಲ್ಲ, ಯಾರು ತಾನೇ ಗಮನಿಸುತ್ತಾರೆ. ಆಮೇಲೆ ನೆನಪಿನಲ್ಲಿ ಎಷ್ಟು ಸಲ ಹಿಂದೆ ಹೋಗಿ ನೋಡಿದ್ದೇನೆಂದರೆ ಈಗ ಅದು ಗಮನಿಸಿದ್ದಕ್ಕಿಂತ ಸ್ಪಷ್ಟವಾಗಿದೆ.

ಕಟಿಂಗ್ ಮುಗಿದ ಮೇಲೆ ಇಕ್ಕ ತಲೆಗೆ ನೀರು ಚಿಮುಕಿಸಿ ತಟ್ಟಿದ, ಹಣೆ ಒತ್ತಿದ, ಭುಜ ಗುದ್ದಿದ. ಇದು ಅಲ್ಲಿ ಕೇಳದೆಯೇ ಸಿಗುವ ಉಪಚಾರ. ಆಮೇಲೆ ಒಂದು ಕೈ ಗಲ್ಲದ ಕೆಳಗೆ ಇಟ್ಟ, ಇನ್ನೊಂದು ತಲೆಯ ಹಿಂದೆ. ತಮ್ಮ ಕಣ್ಣು ಮುಚ್ಚಿ ಮೈ ಸಡಿಲ ಬಿಟ್ಟ. ಚಿಕ್ಕವನಿದ್ದಾಗಿನಿಂದ ಅವನಿಗೆ ಅದು ಇಷ್ಟ. ನಮ್ಮ ತಾತನಿಗೆ ಮನೆಗೇ ಬಂದು ಕ್ಷೌರ ಮಾಡುತ್ತಿದ್ದವರು ಕೊನೆಯಲ್ಲಿ ಕತ್ತಿನ ನೆಟಿಗೆ ತೆಗೆಯುತ್ತಿದ್ದರು. ನಾವಿಬ್ಬರೂ ಹಜಾರದಲ್ಲಿ ಕುಳಿತು ಆ ಶಬ್ದಕ್ಕಾಗಿ ಕಾಯುತ್ತಿದ್ದೆವು. ಎರಡೂ ಕಡೆ ಶಬ್ದ ಬಂದರೆ ತಾತನಿಗೆ ಆ ವಾರ ತಲೆನೋವಿಲ್ಲ ಎಂದು ಲೆಕ್ಕ.

ಎಡಕ್ಕೆ ತಿರುವಿದಾಗ ಲಟಕ್ ಎಂದಿತು. ಬಲಕ್ಕೆ ತಿರುವಿದಾಗ ಏನೂ ಬರಲಿಲ್ಲ.

"ಆ ಕಡೇದು ಬರ್ಲಿಲ್ಲ ಅಲ್ವಾ ಅಕ್ಕ?" ತಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದ. ನಾನು ಅನುವಾದಿಸಬೇಕಾಗಿರಲಿಲ್ಲ. ಇಕ್ಕನಿಗೂ ಅದು ಅರ್ಧ ಕೆಲಸ. ಅವನು ಕಾಲು ಅಗಲಿಸಿ ನಿಂತು, ತಲೆಯನ್ನು ಸ್ವಲ್ಪ ಮೇಲಕ್ಕೆ ಎಳೆದು, ಮತ್ತೊಮ್ಮೆ ತಿರುವಿದ. ಈ ಸಲ ಬಂದ ಶಬ್ದ ಬೆಂಚಿನವರೆಗೂ ಕೇಳಿಸಿತು. ಹಸಿ ಹುರುಳಿಕಾಯಿ ಮುರಿದ ಹಾಗೆ.

"ಇಪ್ಪೊ ಶರಿಯಾಯಿ, ಮೋನೇ." ಈಗ ಸರಿಹೋಯಿತು ಮಗನೇ ಎಂದು ಭುಜ ತಟ್ಟಿ ಬಟ್ಟೆ ಕೊಡವಿದ.

ಮನೆಗೆ ಬಂದಾಗ ಅಮ್ಮ ಅವನನ್ನು ಸುತ್ತ ತಿರುಗಿಸಿ ನೋಡಿದಳು. ಇಲಿ ತಿಂದದ್ದು ಎಂದವಳೇ ಅವನ ಕೆನ್ನೆ ಸವರಿ ತನ್ನ ಕಪಾಲಕ್ಕೆ ಬೆರಳೊತ್ತಿ ನೆಟಿಗೆ ಮುರಿದಳು. "ನನ್ನ ಕಣ್ಣೇ ತಾಗೋ ಹಾಗಿದೀಯ" ಎಂದಳು. ಊಟದ ಹೊತ್ತಿಗೆ ಅವನು ಕತ್ತಿನ ಬಲಗಡೆ ಕೈಯಿಟ್ಟುಕೊಂಡು, "ಯಾಕೋ ಹಿಡ್ಕೊಂಡಿದೆ" ಎಂದ. ರಾತ್ರಿ ನಮ್ಮ ಮನೆಯ ದಿಂಬು ಹೊಂದಲಿಲ್ಲವೇನೋ ಎಂದೆ ನಾನು. ಅಮ್ಮ ನೋವಿನ ಮುಲಾಮು ಹಚ್ಚಿದಳು.

ಮಟ್ಟಾಂಚೇರಿಯ ಜೆಟ್ಟಿಯಿಂದ ದೋಣಿ ಹಿಡಿದು ಎರ್ನಾಕುಲಂಗೆ, ಅಲ್ಲಿಂದ ರೈಲು. ದೋಣಿಯಲ್ಲಿ ಅವನು ಕಣ್ಣು ಮುಚ್ಚಿ ಕಂಬಿಗೆ ಒರಗಿದ್ದ. ತಲೆಯ ಹಿಂದೆ ಸಿಡಿಯುತ್ತಿದೆ ಎಂದ. ಹೆಣ್ಣು ನೋಡುವ ಹೆದರಿಕೆ ಎಂದು ನಾವಿಬ್ಬರೂ ಮುಖ ನೋಡಿಕೊಂಡು ನಕ್ಕೆವು. ಯೋಜನೆ ಹೀಗಿತ್ತು: ಕಳಕ್ಕೂಟಂನಲ್ಲೇ ಇಳಿಯುವುದು, ಅವನ ಫ್ಲಾಟಿನಲ್ಲಿ ಮುಖ ತೊಳೆದು ಬಟ್ಟೆ ಬದಲಿಸುವುದು, ಅಲ್ಲಿಂದ ಆಟೋದಲ್ಲಿ ಉಳ್ಳೂರು. ಅಮ್ಮನ ಬುಟ್ಟಿಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ.

ರೈಲು ಆಲಪ್ಪುಳ ದಾಟಿದ ಮೇಲೆ ಅವನಿಗೆ ಬಿಕ್ಕಳಿಕೆ ಶುರುವಾಯಿತು.

"ಯಾರೋ ನೆನೆಸ್ಕೋತಿದಾರೆ ಕಣೋ" ಎಂದಳು ಅಮ್ಮ. ನಮ್ಮಲ್ಲಿ ಅದೊಂದು ಆಟ. ನೆನೆಸಿಕೊಳ್ಳುತ್ತಿರುವವರು ಯಾರೆಂದು ಸರಿಯಾಗಿ ಹೇಳಿದರೆ ಬಿಕ್ಕಳಿಕೆ ನಿಲ್ಲುತ್ತದೆ. ದೊಡ್ಡಮ್ಮ ಎಂದಳು. ನಿಲ್ಲಲಿಲ್ಲ. ಸೋದರಮಾವ ಎಂದಳು. ನಿಲ್ಲಲಿಲ್ಲ. "ನಿಮ್ಮ ಆಫೀಸಿನ ಬಾಸು" ಎಂದೆ ನಾನು. ಅವನು ನಗಲು ಹೋಗಿ ಮತ್ತೆ ಬಿಕ್ಕಿದ. ಆಗ ಅಮ್ಮ ದನಿ ತಗ್ಗಿಸಿ, "ಉಳ್ಳೂರಲ್ಲಿ ಯಾರೋ ನೆನೆಸ್ಕೋತಿದಾರೆ" ಎಂದಳು. ಬಿಕ್ಕಳಿಕೆ ತಟ್ಟನೆ ನಿಂತಿತು.

ನಾವು ಎಷ್ಟು ನಕ್ಕೆವೆಂದರೆ ಎದುರಿಗೆ ಕುಳಿತಿದ್ದ ವಯಸ್ಸಾದ ಮಲಯಾಳಿ ದಂಪತಿಗಳೂ ಏನೆಂದು ಕೇಳಿದರು. ನಾನು ಹೇಳಿದೆ. ಆ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ತಮ್ಮನೂ ನಗುತ್ತಿದ್ದ, ಆದರೆ ಬಾಯಿಯ ಒಂದು ಪಕ್ಕ ತಡವಾಗಿ ಏಳುತ್ತಿತ್ತು.

ಬಿಕ್ಕಳಿಕೆ ಮತ್ತೆ ಬಂತು. ಈ ಸಲ ನಿಲ್ಲಲೇ ಇಲ್ಲ. ಎದುರಿನ ಯಜಮಾನರು ನೀರಿನ ಬಾಟಲಿ ಕೊಟ್ಟು, "ವೆಳ್ಳಂ ಕುಡಿಕ್ಕ್ ಮೋನೇ" ಎಂದರು. ಅವನು ಕುಡಿದ. ನೀರು ಒಳಗೆ ಹೋಗಲಿಲ್ಲ. ಕೆಮ್ಮಿದ, ಮೂಗಿನಿಂದ ನೀರು ಸುರಿಯಿತು. ಅವನು ಕೈಯಲ್ಲಿ ಮೂಗು ಒರೆಸಿಕೊಂಡು ನನ್ನನ್ನು ನೋಡಿದ. ಬಲಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು.

"ಅಕ್ಕ," ಎಂದ. ದನಿ ಒಡೆದು ಹೋಗಿತ್ತು, ಶೀತವಾದವರ ಹಾಗೆ. "ನೀನು ಎರಡೆರಡು ಕಾಣ್ತಿದೀಯ."

"ಗ್ಯಾಸ್ ಆಯಿರಿಕ್ಕುಂ" ಎಂದರು ಯಜಮಾನರು. ಗ್ಯಾಸ್ ಇರಬೇಕು. ಕೇರಳದಲ್ಲಿ ಎದೆನೋವಿನಿಂದ ಹಿಡಿದು ಹೆಂಡತಿಯ ಸಿಟ್ಟಿನವರೆಗೆ ಎಲ್ಲದಕ್ಕೂ ಅದೇ ಮೊದಲ ಕಾರಣ. ಅಮ್ಮನಿಗೆ ಪಿತ್ತ ಎನ್ನಿಸಿತು. ಬೆಳಿಗ್ಗೆ ಸರಿಯಾಗಿ ತಿನ್ನದೆ ಬಿಸಿಲಲ್ಲಿ ದೋಣಿ ಏರಿದ್ದು. ಅಷ್ಟರಲ್ಲಿ ಅವನು ಕಿಟಕಿಯ ಸರಳಿಗೆ ಬಾಗಿ ವಾಂತಿ ಮಾಡಿದ. ಬೋಗಿ ಸುತ್ತುತ್ತಿದೆ, ನನ್ನನ್ನು ಹಿಡ್ಕೋ, ಎಂದ. ಅಮ್ಮ ಅವನ ತಲೆಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ನನ್ನ ನೆನಪಿನಲ್ಲಿ ಮತ್ತೆ ಮತ್ತೆ ಓಡುವುದು ಈ ಭಾಗ. ಇಕ್ಕನ ಅಂಗಡಿಯದ್ದಲ್ಲ. ರೈಲು ಹೋಗುತ್ತಿದೆ, ಕಿಟಕಿಯ ಹೊರಗೆ ಹಿನ್ನೀರು ಹೊಳೆಯುತ್ತಿದೆ, ಅಮ್ಮ ಮುಲಾಮಿನ ಡಬ್ಬಿ ತೆಗೆದು ತಮ್ಮನ ಕತ್ತು ಉಜ್ಜುತ್ತಿದ್ದಾಳೆ. ಎರಡೂ ಹೆಬ್ಬೆರಳನ್ನು ಕತ್ತಿನ ಎರಡು ಪಕ್ಕಕ್ಕೆ ಊರಿ, ಕೆಳಗಿನಿಂದ ಮೇಲಕ್ಕೆ, ಒತ್ತಿ ಒತ್ತಿ. ಅಮ್ಮನ ಕೈ ಗಟ್ಟಿ. ಚಪಾತಿ ಹಿಟ್ಟು ನಾದಿದ ಕೈ. "ಇಲ್ಲೇ ಗಂಟು ಕಟ್ಟಿದೆ ನೋಡು, ಇದು ಬಿಟ್ಟರೆ ಎಲ್ಲ ಸರಿಹೋಗುತ್ತೆ" ಎನ್ನುತ್ತಾಳೆ. ತಲೆಯನ್ನು ಆ ಕಡೆ ತಿರುಗಿಸುತ್ತಾಳೆ, ಈ ಕಡೆ ತಿರುಗಿಸುತ್ತಾಳೆ. ತಮ್ಮ ಬಿಕ್ಕುತ್ತಿದ್ದಾನೆ. ನಾನು ಅವನ ಕಾಲು ಹಿಡಿದುಕೊಂಡು ಕುಳಿತಿದ್ದೇನೆ.

ಕೊಲ್ಲಂ ಬಂದಾಗ ಇಳಿದುಬಿಡೋಣ ಎಂದೆ. ಇಲ್ಲಿ ಆಸ್ಪತ್ರೆ ಇರುತ್ತದೆ, ತೋರಿಸೋಣ.

"ಗೊತ್ತಿಲ್ಲದ ಊರಲ್ಲಿ ಎಲ್ಲಿ ಅಂತ ಹುಡುಕ್ತೀಯೇ?" ಎಂದಳು ಅಮ್ಮ. "ಇನ್ನೇನು ಬಂತಲ್ಲ. ಅವನ ರೂಮಲ್ಲಿ ಅರ್ಧ ಗಂಟೆ ಮಲಗಲಿ. ಒಂದು ಕಾಫಿ ಕುಡಿದರೆ ಏಳ್ತಾನೆ. ಅವರು ಕಾಯ್ತಿರ್ತಾರೆ."

ತಮ್ಮನೂ ಬೇಡ ಎಂದು ಕೈಯಾಡಿಸಿದ. ನಾನು ಬಾಗಿಲವರೆಗೆ ಹೋಗಿ ಪ್ಲಾಟ್‌ಫಾರ್ಮ್ ನೋಡಿದೆ. ಕಾಫಿ ಮಾರುವವನು ಕೂಗುತ್ತ ಹೋದ. ವ್ಹೀಲ್‌ಚೇರ್ ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು, ಬ್ಯಾಗು ಯಾರು ಹಿಡಿಯಬೇಕು ಎಂದು ಯೋಚಿಸುತ್ತಿರುವಾಗಲೇ ರೈಲು ಜಗ್ಗಿತು. ಪ್ಲಾಟ್‌ಫಾರ್ಮ್ ಹಿಂದಕ್ಕೆ ಜಾರತೊಡಗಿತು. ಹಿಂದಿರುಗಿ ಬಂದು ನೋಡಿದರೆ ತಮ್ಮನ ಹಣೆಯ ಎಡಗಡೆ ಬೆವರು ಹರಿಯುತ್ತಿತ್ತು, ಬಲಗಡೆ ಒಣಗಿತ್ತು. ಮೂಗಿನ ನೇರಕ್ಕೆ ಗೆರೆ ಎಳೆದ ಹಾಗೆ. ಇದು ಗ್ಯಾಸ್ ಅಲ್ಲ, ಪಿತ್ತವೂ ಅಲ್ಲ ಎಂದು ಆಗ ನನಗೆ ಗೊತ್ತಾಯಿತು. ಇವನು ನನ್ನ ಕಣ್ಣೆದುರಿಗೆ, ಈ ರೈಲಿನಲ್ಲಿ, ಅಮ್ಮನ ತೊಡೆಯ ಮೇಲೆ ಹೋಗಿಬಿಡುತ್ತಾನೆ ಎಂದು ಅನ್ನಿಸಿತು.

ಕಳಕ್ಕೂಟಂ ಬರುವ ಮೊದಲು ರೈಲು ಸಿಗ್ನಲ್ ಸಿಗದೆ ನಿಂತಿತು. ತೆಂಗಿನ ಮರಗಳ ಆಚೆ ಅವನ ಆಫೀಸಿನ ಗಾಜಿನ ಕಟ್ಟಡಗಳು ಕಾಣುತ್ತಿದ್ದವು. ಹಳಿಯ ಪಕ್ಕ ಒಂದು ಹಸು ಮೇಯುತ್ತಿತ್ತು. ಅದು ಎರಡು ಹೆಜ್ಜೆ ಇಟ್ಟು, ತಲೆ ತಗ್ಗಿಸಿ, ಮತ್ತೆ ಎತ್ತುವಷ್ಟು ಹೊತ್ತೂ ನಾವು ಅಲ್ಲೇ. ಇವನನ್ನು ಇಲ್ಲೇ ಇಳಿಸಬಹುದೇ ಎಂದು ನಾನು ಎದುರಿನ ಯಜಮಾನರನ್ನು ಕೇಳಿದೆ. ಅವರು ಹೊರಗೆ ಬಾಗಿ ಜಲ್ಲಿಯ ಇಳಿಜಾರು ನೋಡಿ, "ವೇಂಡ ಮೋಳೇ" ಎಂದರು. ಬೇಡ ಮಗಳೇ. ಅವರ ಮುಖದಲ್ಲೂ ಗ್ಯಾಸಿನ ಧೈರ್ಯ ಇರಲಿಲ್ಲ.

ಸ್ಟೇಷನ್ನಿನಲ್ಲಿ ಇಳಿಸಲು ಆ ಯಜಮಾನರೇ ನೆರವಾದರು. ಕೆಳಗಿಟ್ಟ ಕೂಡಲೇ ತಮ್ಮ ಬಲಕ್ಕೆ ವಾಲಿದ. ಬಿದ್ದ ಎಂದೇ ಹೇಳಬೇಕು. ಯಾರೋ ಹಗ್ಗ ಕಟ್ಟಿ ಎಳೆಯುತ್ತಿರುವ ಹಾಗೆ ಪ್ರತಿ ಸಲವೂ ಬಲಕ್ಕೇ. ನಾನೂ ಅಮ್ಮನೂ ಎರಡು ಕಡೆ ಹಿಡಿದು ಹೊರಗೆ ತಂದೆವು. ಹೊಸ ಕಟಿಂಗ್, ಇಸ್ತ್ರಿ ಅಂಗಿ, ತೂರಾಡುವ ಕಾಲು, ಜೋತ ರೆಪ್ಪೆ, ತೊದಲು ಮಾತು. ಆಟೋದವರು ನೋಡಿದ ಕೂಡಲೇ ತಲೆ ಅಲ್ಲಾಡಿಸಿದರು. ಒಬ್ಬ ಇನ್ನೊಬ್ಬನಿಗೆ, ಭಾನುವಾರ ಇಷ್ಟು ಬೇಗ ಶುರು ಮಾಡಿದ್ದಾನೆ ಎಂದ. ಮತ್ತೊಬ್ಬ, ಟೆಕ್ಕಿಗಳಿಗೆ ಹೊತ್ತುಗೊತ್ತು ಎಲ್ಲಿ ಎಂದು ನಕ್ಕ.

ಕುಡಿದಿಲ್ಲ, ಹುಷಾರಿಲ್ಲ, ಆಸ್ಪತ್ರೆಗೆ ಹೋಗಬೇಕು ಎಂದು ನಾನು ಮಲಯಾಳಂನಲ್ಲಿ ಬೇಡುತ್ತಿದ್ದೆ. ನನ್ನ ಮಲಯಾಳಂ ಆ ಹೊತ್ತಿಗೆ ಕೈಕೊಟ್ಟಿತ್ತು. ಅಮ್ಮನಿಗೆ ಒಂದಕ್ಷರ ಬಾರದು. ಆದರೆ ಅವರು ಅಂದದ್ದೇನು ಎಂದು ಅವಳಿಗೆ ಅರ್ಥವಾಗಿತ್ತು. ಅವಳು ತಮ್ಮನನ್ನು ನನ್ನ ಮೇಲೆ ಒರಗಿಸಿ, ಬುಟ್ಟಿಯ ಬಟ್ಟೆ ಸರಿಸಿ, ತೆಂಗಿನಕಾಯಿಯನ್ನೂ ಮಲ್ಲಿಗೆಯನ್ನೂ ಎತ್ತಿ ಹತ್ತಿರದ ಆಟೋದವನ ಮುಖಕ್ಕೆ ಹಿಡಿದಳು.

"ಹೆಣ್ಣು ನೋಡಕ್ಕೆ ಹೊರಟಿರೋ ಮಗ ಕಣಪ್ಪ ಇವನು. ಇದನ್ನ ಹಿಡ್ಕೊಂಡು ಯಾರಾದರೂ ಕುಡೀತಾರಾ? ನೀನೇ ಹೇಳು. ನಿನಗೂ ತಾಯಿ ಇದಾಳಲ್ಲ."

ಅಚ್ಚ ಮೈಸೂರಿನ ಕನ್ನಡ. ಅವನು ಹೂವು ನೋಡಿದ, ತಮ್ಮನನ್ನು ನೋಡಿದ, ಇಳಿದು ಬಂದು ಅವನ ಬಾಯಿಯ ಹತ್ತಿರ ಮೂಗು ತಂದ. "ಕೇರಿಕ್ಕೋ" ಎಂದ. ಹತ್ತಿ.

ಅಮ್ಮ ಆಗಲೂ ಫ್ಲಾಟಿನ ವಿಳಾಸ ಹೇಳು ಎಂದಳು. ನಾನು ಉಳ್ಳೂರಿನ ಹತ್ತಿರದ ದೊಡ್ಡ ಆಸ್ಪತ್ರೆ ಎಂದೆ. ಅವಳು ನನ್ನ ತೋಳು ಹಿಡಿದಳು. "ಮೊದಲ ಸಲ ಹೋಗ್ತಿರೋದು ಕಣೇ, ಆಸ್ಪತ್ರೆಯಿಂದ ಹೋದರೆ ಏನಂದುಕೊಳ್ತಾರೆ?" ನಾನು ಆಟೋದವನಿಗೆ ಮತ್ತೊಮ್ಮೆ ಆಸ್ಪತ್ರೆ ಎಂದೆ. ಶ್ರೀಕಾರ್ಯಂನಲ್ಲಿ ವಾಹನಗಳು ಕಟ್ಟಿಕೊಂಡಿದ್ದವು. ಆಟೋದವನು ಹಾರನ್ ಒತ್ತಿ ಹಿಡಿದು, ಬಸ್ಸುಗಳ ನಡುವೆ ತೂರಿಸಿದ. ಪ್ರತಿ ಕುಲುಕಿಗೂ ತಮ್ಮನ ತಲೆ ಅಮ್ಮನ ಭುಜದ ಮೇಲೆ ಉರುಳುತ್ತಿತ್ತು. ಬಾಯಿಯ ಅಂಚಿನಿಂದ ಎಂಜಲು ಇಳಿಯುತ್ತಿತ್ತು. ನುಂಗೋ, ನುಂಗೋ, ಎನ್ನುತ್ತಿದ್ದೆ ನಾನು. ಅವನು ಪ್ರಯತ್ನಿಸುತ್ತಿದ್ದ. ಗಂಟಲಿನ ಗುಬಟು ಮೇಲೇಳುತ್ತಲೇ ಇರಲಿಲ್ಲ.

ದಾರಿಯಲ್ಲೇ ಹುಡುಗಿಯ ತಂದೆಗೆ ಫೋನ್ ಮಾಡಿದೆ. ಅವರು ಏನಂದುಕೊಂಡರೋ, ಒಂದು ಮಾತೂ ಹೆಚ್ಚು ಕೇಳಲಿಲ್ಲ. "ನೀವು ಬನ್ನಿ, ನಾನು ಗೇಟಲ್ಲಿರ್ತೀನಿ" ಎಂದರು. ಹಾಗೆಯೇ ಇದ್ದರು, ಜರಿಯಂಚಿನ ಪಂಚೆಯಲ್ಲಿ, ಹಣೆಗೆ ಹಚ್ಚಿದ ಗಂಧ ಒಣಗುವ ಮೊದಲೇ. ಸ್ಟ್ರೆಚರ್ ಅವರೇ ತಳ್ಳಿದರು. ಹಿಂದೆ ಅವರ ಹೆಂಡತಿ, ಅವರ ಹಿಂದೆ ಹಸಿರು ರೇಷ್ಮೆ ಸೀರೆಯ ಹುಡುಗಿ. ಅಮ್ಮ ಅವಳನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಅಂಥ ಹೊತ್ತಿನಲ್ಲೂ. ಹುಡುಗಿ ಬಂದು ಅಮ್ಮನ ಕೈಯಿಂದ ಬುಟ್ಟಿ ತೆಗೆದುಕೊಂಡಳು.

ಒಳಗೆ ಒಬ್ಬ ಯುವ ವೈದ್ಯೆ ಕೇಳತೊಡಗಿದರು. ಬಿದ್ದನೇ? ಇಲ್ಲ. ಅಪಘಾತ? ಇಲ್ಲ. ಬೈಕಿನಲ್ಲಿ ಕುಲುಕಾಟ, ಆಟ, ಭಾರ ಎತ್ತಿದ್ದು? ಇಲ್ಲ, ಇಲ್ಲ, ಏನೂ ಆಗಿಲ್ಲ, ಬೆಳಿಗ್ಗೆ ಚೆನ್ನಾಗಿದ್ದ ಎಂದೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ನೆಟಿಗೆ ತೆಗೆಯುವುದು ಪೆಟ್ಟು ಎಂದು ಯಾರು ಎಣಿಸುತ್ತಾರೆ? ಅದು ಉಪಚಾರ. ಸ್ನಾನ ಮಾಡಿಸಿದ ಹಾಗೆ, ಎಣ್ಣೆ ಹಚ್ಚಿದ ಹಾಗೆ.

ವೈದ್ಯೆ ಅವನ ಕತ್ತಿನ ಹಿಂದೆ ಬೆರಳಿಟ್ಟು ನೋಡಿ, ಬೆರಳನ್ನು ದೀಪಕ್ಕೆ ಹಿಡಿದರು. ಮುಲಾಮಿಗೆ ಅಂಟಿಕೊಂಡ ಸಣ್ಣ ಸಣ್ಣ ಕೂದಲ ಚೂರು.

"ಇವತ್ತು ಕೂದಲು ತೆಗೆಸಿದ್ದಾ?" ಎಂದು ಮಲಯಾಳಂನಲ್ಲಿ ಕೇಳಿದರು.

ಹೌದು.

"ಕತ್ತು ತಿರುವಿದರಾ?"

ನಾನು ಬಾಯಿ ತೆರೆದೆ. ಆ ಶಬ್ದ ಅಲ್ಲಿ, ಆ ಗದ್ದಲದ ನಡುವೆ, ಮತ್ತೆ ಕೇಳಿಸಿತು. ಹುರುಳಿಕಾಯಿ ಮುರಿದ ಹಾಗೆ. ವೈದ್ಯೆ ನನ್ನ ಉತ್ತರಕ್ಕೆ ಕಾಯಲಿಲ್ಲ. ಇಬ್ಬರನ್ನು ಕೂಗಿ ಕತ್ತಿನ ಎರಡು ಪಕ್ಕಕ್ಕೆ ಏನೋ ಒತ್ತರಿಸಿ ತಲೆ ಅಲ್ಲಾಡದಂತೆ ಕಟ್ಟಿಸಿದರು.

ಸ್ಕ್ಯಾನ್ ಆದ ಮೇಲೆ ತಮ್ಮನ ಸ್ಟ್ರೆಚರ್ ಪಕ್ಕದಲ್ಲೇ ನಿಂತು ಇಂಗ್ಲಿಷಿನಲ್ಲಿ ವಿವರಿಸಿದರು. ಕತ್ತಿನ ಮೂಳೆಗಳ ಎರಡು ಪಕ್ಕದಲ್ಲಿ ಸಣ್ಣ ತೂತುಗಳಿರುತ್ತವೆ, ಅವುಗಳ ಮೂಲಕ ರಕ್ತನಾಳ ಮಿದುಳಿಗೆ ಏರುತ್ತದೆ. ಬಲಗಡೆಯ ನಾಳದ ಒಳಪದರ ಸೀಳಿದೆ. ಅಲ್ಲಿ ಹೆಪ್ಪುಗಟ್ಟಿ, ಮಿದುಳಿನ ಬುಡಕ್ಕೆ ರಕ್ತ ತಪ್ಪಿದೆ. ನುಂಗುವುದು, ಉಸಿರು, ಬಿಕ್ಕಳಿಕೆ ಎಲ್ಲದರ ಜಾಗ ಅದೇ. ನಾನು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮೊಲದ ಕತ್ತಿನ ಮೂಳೆಯ ಚಿತ್ರ ಬರೆದು, ಆ ಎರಡು ತೂತುಗಳನ್ನು ಗುರುತಿಸಿ, ಅದೇ ಗುರುತಿನಿಂದ ಮೊಲದ ಕತ್ತಿನ ಮೂಳೆ ಎಂದು ಹೇಳಲು ಕಲಿತಿದ್ದೆ. ಅದರೊಳಗೆ ಏನೋ ಹರಿಯುತ್ತದೆ ಎನ್ನುವುದು ಮೇಜಿನ ಮೇಲೆ ಒಣಗಿ ಬಿದ್ದ ಮೂಳೆಯಲ್ಲಿ ಕಾಣುತ್ತಿರಲಿಲ್ಲ.

"ಆಮೇಲೆ ಯಾರಾದರೂ ಕತ್ತು ಒತ್ತಿದ್ದಾರಾ, ತಿಕ್ಕಿದ್ದಾರಾ?" ಎಂದು ವೈದ್ಯೆ ಕೇಳಿದರು.

ಅಮ್ಮ ಸ್ವಲ್ಪ ದೂರದ ಬೆಂಚಿನಲ್ಲಿ ಹುಡುಗಿಯ ತಾಯಿಯ ಪಕ್ಕ ಕುಳಿತಿದ್ದಳು. ಅವಳ ಕೈಯಿಂದ ಮುಲಾಮಿನ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು. ಹೌದು, ರೈಲಿನಲ್ಲಿ, ತುಂಬ ಹೊತ್ತು, ಎಂದೆ. ವೈದ್ಯೆಯೂ ಬೆಂಚಿನ ಕಡೆ ನೋಡಿದರು. ಅದು ಹೆಚ್ಚು ಮಾಡಿತೋ ಇಲ್ಲವೋ ಯಾರೂ ಹೇಳಲಾರರು ಎಂದರು. ಮುಟ್ಟದೇ ಇದ್ದಿದ್ದರೆ ಒಳ್ಳೆಯದಿತ್ತು ಎಂದರು. ಇನ್ನು ಮುಂದೆ ಯಾರೂ ಮುಟ್ಟಬಾರದು. ಅವನು ಈ ರಾತ್ರಿ ಉಸಿರು ಉಳಿಸಿಕೊಂಡರೆ ಆಮೇಲೆ ಮಾತು.

ನಾನು ಬೆಂಚಿಗೆ ಹಿಂದಿರುಗಿದಾಗ ಅಮ್ಮ, "ಏನಂತೆ?" ಎಂದಳು. ರಕ್ತ ಹೆಪ್ಪುಗಟ್ಟಿದೆಯಂತೆ ಎಂದೆ. "ನಾನು ಹೇಳಲಿಲ್ವಾ, ಗಂಟು ಕಟ್ಟಿದೆ ಅಂತ" ಎಂದಳು.

ಅವನು ಉಸಿರು ಉಳಿಸಿಕೊಂಡ. ಆದರೆ ನುಂಗಲಾರ. ಮೂಗಿನಿಂದ ಹೊಟ್ಟೆಗೆ ಕೊಳವೆ ಹಾಕಿದರು. ಬಿಕ್ಕಳಿಕೆ ದಿನಗಟ್ಟಲೆ ನಿಲ್ಲಲಿಲ್ಲ. ಅವನು ನಿದ್ದೆಯಲ್ಲೂ ಬಿಕ್ಕುತ್ತಿದ್ದ. ಅಮ್ಮ ಬಾಗಿಲ ಹೊರಗೆ ಕುಳಿತು ಊರಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ, ಸತ್ತವರ ಹೆಸರನ್ನೂ, ಒಂದೊಂದಾಗಿ ಹೇಳುತ್ತಿದ್ದಳು. ಈಗ ಅದು ಆಟವಾಗಿರಲಿಲ್ಲ. ಉಳ್ಳೂರಿನ ಮನೆಯವರು ದಿನವೂ ನಮಗೆ ಊಟ ತಂದರು. ಹುಡುಗಿ ಅವನಿಗೆಂದು ಒಂದು ದಿನ ಗಂಜಿ ತಂದು, ಕೊಳವೆ ನೋಡಿ, ಡಬ್ಬಿ ತೆರೆಯದೆ ವಾಪಸು ತೆಗೆದುಕೊಂಡು ಹೋದಳು. ಆ ಸಂಬಂಧ ಮುಂದುವರಿಯಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಯಾರೂ ಮತ್ತೆ ಎತ್ತಲಿಲ್ಲ.

ವಾರಗಳ ಮೇಲೆ ವೈದ್ಯೆ ಒಂದು ಚಮಚ ನೀರು ಹಿಡಿದು, ಗಲ್ಲ ಎದೆಗೆ ತಗ್ಗಿಸಿ ನುಂಗಲು ಹೇಳಿದರು. ಆ ಹೊತ್ತಿಗೆ ಅವನ ತಲೆಯ ಪಕ್ಕಗಳಲ್ಲಿ ಕೂದಲು ಬೆಳೆದು ಹೊಗೆಯಂಥ ಆ ಅಂಚು ಅಳಿಸಿಹೋಗಿತ್ತು. ಅವನ ಗಂಟಲು ನಡುಗಿತು. ಏನೂ ಆಗಲಿಲ್ಲ. ಮತ್ತೆ ನಡುಗಿತು. ಗುಬಟು ಮೇಲೆದ್ದು ಇಳಿಯಿತು. ಮೂಗಿನಿಂದ ಏನೂ ಬರಲಿಲ್ಲ.

ಮಟ್ಟಾಂಚೇರಿಗೆ ಹಿಂದಿರುಗಿದ ದಿನ ಇಕ್ಕ ಬೀದಿಗೆ ಬಂದು, ತಮ್ಮ ಚೆನ್ನಾಗಿದ್ದಾನಾ, ಮದುವೆ ಯಾವಾಗ ಎಂದು ಕೇಳಿದ. ನಾನು ನಡೆದದ್ದು ಹೇಳಿದೆ. ಅವನು ಗೋದಾಮಿನ ಜಗಲಿಯ ಮೇಲೆ ಕುಳಿತುಬಿಟ್ಟ. ನನ್ನ ಬಾಪ, ಅಪ್ಪ, ಹೇಳಿಕೊಟ್ಟದ್ದು, ಎಷ್ಟು ಜನಕ್ಕೆ ಮಾಡಿದ್ದೇನೆ, ಎಂದ. ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡ. ಕೆಲವು ಕಾಲ ಅವನು ಯಾರ ಕತ್ತಿಗೂ ಕೈ ಹಾಕಲಿಲ್ಲ. ಗಿರಾಕಿಗಳು ಬಿಡಲಿಲ್ಲ. ಕಟಿಂಗ್ ಮಾಡಿ ಕತ್ತು ತಿರುವದಿದ್ದರೆ ಏನೋ ಬಾಕಿ ಉಳಿಸಿಕೊಂಡ ಹಾಗೆ ಎಂದರು. ಬೇರೆ ಅಂಗಡಿಗೆ ಹೋಗುತ್ತೇವೆ ಎಂದರು. ಒಂದು ಸಂಜೆ ಅವನು ಕೈ ಎತ್ತುವ ಮೊದಲು ತಲೆ ಎತ್ತಿ ನನ್ನ ಕಿಟಕಿಯ ಕಡೆ ನೋಡಿದ್ದು ಕಂಡಿತು. ನಾನು ಒಲೆಯ ಮುಂದೆ ನಿಂತಿದ್ದೆ. ಅವನು ಬಾಗಿಲಿಗೆ ಪರದೆ ಎಳೆದ. ಆ ಮೇಲೆ ದಿನವೂ ಪರದೆ ಎಳೆಯುತ್ತಿದ್ದ. ಪರದೆಯ ಹಿಂದಿನಿಂದ ಶಬ್ದ ಬೀದಿ ದಾಟಿ ಬರಲಾರದು. ನನಗೆ ಕೇಳಿಸುತ್ತಿತ್ತು.

ತಮ್ಮ ಈಗ ಮೈಸೂರಿನಲ್ಲಿ ಅಮ್ಮನ ಜೊತೆ ಇದ್ದಾನೆ, ಕೆಲಸ ಮಾಡುತ್ತಾನೆ. ಎಡಗೈಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ, ಸ್ನಾನದ ನೀರನ್ನು ಬಲಗೈಯಲ್ಲೇ ಮುಟ್ಟಿ ನೋಡಬೇಕು. ದಣಿದಾಗ ಬಲಗಣ್ಣಿನ ರೆಪ್ಪೆ ಇಳಿಯುತ್ತದೆ. ಗಲ್ಲ ತಗ್ಗಿಸಿ ಎಚ್ಚರದಿಂದ ಊಟ ಮಾಡುತ್ತಾನೆ. ರೈಲಿನ ವಿಷಯ, ವೈದ್ಯೆ ಕೇಳಿದ ಕೊನೆಯ ಪ್ರಶ್ನೆಯ ವಿಷಯ ಅವನಿಗೂ ಗೊತ್ತು. ನಾನು ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವನೇ ಕೇಳಿಸಿಕೊಂಡಿದ್ದ.

ಹೋದ ಸಲ ನಾನು ಹೋಗಿದ್ದಾಗ ಮನೆಗೆ ನೆಂಟರು ಬಂದಿದ್ದರು. ಅಮ್ಮ ಆ ಕಥೆ ಹೇಳುತ್ತಿದ್ದಳು. ಅವಳು ಅದನ್ನು ಯಾವಾಗಲೂ ಒಂದೇ ಥರ ಮುಗಿಸುತ್ತಾಳೆ.

"ಆ ರೈಲಲ್ಲಿ ನಾನು ಕತ್ತು ತಿಕ್ಕದೇ ಇದ್ದಿದ್ರೆ ಆಸ್ಪತ್ರೆವರೆಗೂ ಬರ್ತಿರಲಿಲ್ಲ ಇವನು. ನನ್ನ ಕೈಯಲ್ಲೇ ರಕ್ತ ಓಡಾಡಿದ್ದು. ಅಲ್ವೇನೇ?"

"ಹೂಂ ಅಮ್ಮ" ಎಂದೆ.

"ಅಲ್ವೇನೋ?"

"ಹೌದಮ್ಮ" ಎಂದ ತಮ್ಮ.

ಅವನು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದ. ಅಮ್ಮ ಮಾತಿನ ಭರದಲ್ಲಿ, ತೋರಿಸುವ ಹಾಗೆ, ಅವನ ಕತ್ತಿನ ಮೇಲೆ ಕೈಯಿಟ್ಟಳು. ಹೆಬ್ಬೆರಳು ಸರಿಯಾಗಿ ಆ ಜಾಗಕ್ಕೇ ಹೋಯಿತು. ಅವನು ಕ್ಷೌರಕ್ಕೆ ಹೋದಾಗ ಕುರ್ಚಿಯಲ್ಲಿ ಕೂರುವ ಮೊದಲೇ ಕತ್ತು ಮುಟ್ಟಬೇಡಿ ಎಂದು ಹೇಳುವವನು. ಮಫ್ಲರ್ ಸುತ್ತಲೂ ಯಾರನ್ನೂ ಬಿಡುವವನಲ್ಲ. ನಾನು ಕಾಫಿ ಲೋಟ ಕೆಳಗಿಟ್ಟೆ. ಅಮ್ಮಾ ಎಂದು ಕೂಗಲು ನಾನು ಬಾಯಿ ತೆರೆದಿದ್ದೆ.

ತಮ್ಮ ನನ್ನ ಕಡೆ ನೋಡಿ ಬೇಡ ಎಂದು ಕಣ್ಣಿನಲ್ಲೇ ಹೇಳಿದ. ಅವನ ಮೈಯೆಲ್ಲ ಬಿಗಿದಿತ್ತು, ಹಣೆಯ ಎಡಗಡೆ ಬೆವರು ಮೂಡಿತ್ತು. ಅವನು ತಲೆಯನ್ನು ಸ್ವಲ್ಪವೂ ಕದಲಿಸದೆ ಕುಳಿತ. ಅಮ್ಮ ಮಾತು ಮುಗಿಸಿ, ಕೈ ತಾನಾಗಿ ತೆಗೆಯುವವರೆಗೆ ಹಾಗೇ ಕುಳಿತಿದ್ದ.